ನ್ಯಾಸ್ ಬಾಕ್ಸ್ ರಿವ್ಯೂ: ಫೋಲ್ಡರ್ ಒಳಗೆ ಫೋಲ್ಡರ್, ಅದರೊಳಗೆ ಫೋಲ್ಡರ್, ಕೊನೆಗೆ ಫೈಲ್ ಎಲ್ಲಪ್ಪಾ?

ಎರಡು ಡಿಸ್ಕ್ ಹಾಕೋ ನ್ಯಾಸ್ ಬಾಕ್ಸ್ (ಮನೆ ನೆಟ್‌ವರ್ಕಿಗೆ ಸೇರಿಸಿ ಫೈಲ್ ಇಟ್ಕೊಳ್ಳೋ ಡಬ್ಬಿ) ಒಂದು ತಗೊಂಡು ನಾಲ್ಕು ತಿಂಗಳಾಯ್ತು. ಯಾವ ಕಂಪನಿ ಅಂತ ಹೇಳಲ್ಲ, ಕೇಳ್ಬೇಡಿ, ಹೇಳಿದ್ರೆ ಮಾತೆಲ್ಲ ಆ ಕಂಪನಿ ಒಳ್ಳೇದಾ ಈ ಕಂಪನಿ ಒಳ್ಳೇದಾ ಅನ್ನೋ ಕಡೆ ಹೋಗ್ಬಿಡುತ್ತೆ, ನನಗೆ ಹೇಳ್ಬೇಕಿರೋದು ಬೇರೆ. ಸ್ಟಾರ್ ಬೇಕು ಅನ್ನೋರಿಗೆ ಈಗ್ಲೇ ಹೇಳ್ತೀನಿ, 5ಕ್ಕೆ 3. ಅದ್ರಲ್ಲಿ ಕಟ್ ಆಗಿರೋ 2 ಸ್ಟಾರ್ ಪೂರ್ತಿ ಒಂದೇ ಒಂದು ಹಸಿರು ಟಿಕ್ ಮಾರ್ಕಿಗೆ ಹೋಗಿದ್ದು.

ತಗೋಳೋಕೆ ಮುಂಚೆ ನಾನೂ ಎಲ್ಲರ ಥರ ಒಂದಷ್ಟು ರಿವ್ಯೂ ಓದಿದ್ದೆ. ಎಲ್ಲರೂ ಮಾಡೋ ಟೆಸ್ಟ್ ಒಂದೇ, ಒಂದು ದೊಡ್ಡ ವೀಡಿಯೋ ಫೈಲ್ ತಗೊಂಡು ಎಳೆದು ಹಾಕೋದು, ಗಿಗಾಬಿಟ್ ಲೈನಲ್ಲಿ ಸೆಕೆಂಡಿಗೆ 110 ಎಂಬಿ ಬಂತು, ಸೂಪರ್, ಮುಗೀತು. ಆದ್ರೆ ನನ್ನ ಹತ್ರ ಇರೋದು ಹಂಗಿಲ್ಲ ಸ್ವಾಮಿ. ಹದಿನೈದು ವರ್ಷದ್ದು ಗುಡ್ಡೆ ಬಿದ್ದಿದೆ, ವರ್ಷದ ಒಳಗೆ ತಿಂಗಳು, ತಿಂಗಳ ಒಳಗೆ ಕೆಲಸ, ಕೆಲಸದ ಒಳಗೆ 'ಹಳೇದು', ಅದರೊಳಗೆ 'ಹೊಸದು', ಅದರೊಳಗೆ 'ಹೊಸದು ಫೈನಲ್', ಅದರೊಳಗೆ 'ಇದೇ ಫೈನಲ್'. ತಳದಲ್ಲಿ ಸಿಗೋದು ಎರಡು ಕೆಬಿ ಟೆಕ್ಸ್ಟ್ ಫೈಲು. ಮೇಲಿಂದ ಅರ್ಧಕ್ಕರ್ಧ ಹೆಸರು ಕನ್ನಡದಲ್ಲಿ. ಇಂಥಾದ್ದನ್ನ ಹೊರೋಕೆ ಆಗುತ್ತಾ ಅಂತ ಯಾರೂ ಟೆಸ್ಟ್ ಮಾಡಿರ್ಲಿಲ್ಲ, ಹಂಗಾಗಿ ನಾನೇ ಕೂತ್ಕೊಂಡು ಮಾಡ್ದೆ.

ಟೆಸ್ಟ್ ಏನಂದ್ರೆ ಒಂದು ಸಣ್ಣ ಸ್ಕ್ರಿಪ್ಟ್. ಮೊದಲ ಲೆವೆಲ್‌ನಲ್ಲಿ 10 ಫೋಲ್ಡರ್, ಪ್ರತಿಯೊಂದರ ಒಳಗೆ 10, ಮತ್ತೆ ಅದರೊಳಗೆ 10, ಹಿಂಗೆ 4 ಲೆವೆಲ್. ಲೆಕ್ಕ ಹಾಕಿದ್ರೆ 10 ಕೂಡ್ಸು 100 ಕೂಡ್ಸು 1,000 ಕೂಡ್ಸು 10,000, ಒಟ್ಟು 11,110 ಫೋಲ್ಡರ್. ತಳದಲ್ಲಿರೋ 10,000 ಫೋಲ್ಡರಲ್ಲೂ ತಲಾ 10 ಫೈಲ್, ಒಂದೊಂದು 1 ಕೆಬಿ, ಒಟ್ಟು ಒಂದು ಲಕ್ಷ ಫೈಲ್. ಒಂದು ಸಣ್ಣ ಉಪಾಯ ಮಾಡ್ದೆ, ನೀವೂ ಮಾಡಿ ನೋಡಿ: ಪ್ರತಿ ಫೈಲ್ ಒಳಗೂ ಅದರದೇ ಪಾಥ್ (ಯಾವ್ಯಾವ ಫೋಲ್ಡರ್ ದಾಟಿ ಬರ್ಬೇಕು ಅನ್ನೋ ಪೂರ್ತಿ ವಿಳಾಸ) ಬರೆದಿಟ್ಟೆ. ಆಮೇಲೆ ಓದಿ ನೋಡಿದ್ರೆ ಫೈಲು ತನ್ನ ಮನೇಲೇ ಇದೆಯಾ ಅಥವಾ ಪಕ್ಕದ ಮನೆಗೆ ಹೋಗಿ ಕೂತಿದೆಯಾ ಅಂತ ಗೊತ್ತಾಗುತ್ತೆ. ಬರೀ ಎಣಿಸಿದ್ರೆ ಸಾಲದು, ಎಣಿಕೆ ಸರಿ ಇದ್ದು ಜಾಗ ತಪ್ಪಿರಬಹುದು. ಇದರ ಜೊತೆಗೆ ಬೇಕಂತಲೇ 12 ತರಲೆ ಫೈಲ್ ಸೇರಿಸಿದ್ದೆ, ಉದ್ದುದ್ದ ಕನ್ನಡ ಹೆಸರಿನವು, ಆಮೇಲೆ 5 ಖಾಲಿ ಫೋಲ್ಡರ್. ತರಲೆಗಳ ಕಥೆ ಮುಂದೆ ಬರುತ್ತೆ.

ಮೊದಲು ಎಸ್‌ಎಸ್‌ಎಚ್ ಮಾಡಿ (ಅಂದ್ರೆ ದೂರದಿಂದಲೇ ಒಳಗೆ ಹೋಗಿ ಕಮಾಂಡ್ ಟೈಪ್ ಮಾಡೋದು) ಬಾಕ್ಸ್ ಒಳಗೇ ಸ್ಕ್ರಿಪ್ಟ್ ಓಡಿಸಿದೆ. ಒಳಗಿರೋದು ಇಎಕ್ಸ್‌ಟಿ4, ಅಂದ್ರೆ ಡಿಸ್ಕ್ ಮೇಲೆ ಫೈಲ್ ಜೋಡಿಸಿಡೋ ಲಿನಕ್ಸಿನ ಫೈಲ್ ಸಿಸ್ಟಮ್. ಏನೂ ತೊಂದ್ರೆ ಇಲ್ಲ, ಎದ್ದು ಮುಖ ತೊಳ್ಕೊಂಡು ಬರೋದ್ರೊಳಗೆ ಎಲ್ಲ ಮುಗಿದು ಕೂತಿತ್ತು, ಪಾಥ್ ಓದಿ ನೋಡಿದ್ರೆ ಒಂದೂ ಜಾಗ ತಪ್ಪಿಲ್ಲ. ಹಳೇ ಇಎಕ್ಸ್‌ಟಿ3 ಕಾಲದಲ್ಲಿ ಒಂದು ಫೋಲ್ಡರ್ ಒಳಗೆ ನೇರವಾಗಿ 31,998 ಸಬ್‌ಫೋಲ್ಡರ್ ಆದ್ಮೇಲೆ ಮುಂದಕ್ಕೆ ಬಿಡ್ತಿರ್ಲಿಲ್ಲ (ಲಿಂಕ್ ಕೌಂಟ್ 32,000ಕ್ಕೆ ನಿಲ್ತಿತ್ತು), 4ರಲ್ಲಿ ಆ ಗೋಳಿಲ್ಲ. ಜಾಗದ ಲೆಕ್ಕ ಮಾತ್ರ ಗೊತ್ತಿಲ್ಲದೋರಿಗೆ ಶಾಕ್ ಕೊಡುತ್ತೆ. ಒಂದು ಲಕ್ಷ ಫೈಲು, 1 ಕೆಬಿಯಂತೆ 100 ಎಂಬಿ ಆಗ್ಬೇಕು ತಾನೇ? ಬ್ಲಾಕ್ ಸೈಜ್ 4 ಕೆಬಿ, 1 ಕೆಬಿ ಫೈಲೂ 4 ಕೆಬಿ ತಿನ್ನುತ್ತೆ, 400 ಎಂಬಿ ಆಯ್ತು. ಫೋಲ್ಡರ್ ಅನ್ನೋದೂ ಪುಕ್ಕಟೆ ಅಲ್ಲ, ಒಂದೊಂದಕ್ಕೂ ಕಮ್ಮಿ ಅಂದ್ರೂ 4 ಕೆಬಿ, 11,110 ಫೋಲ್ಡರಿಗೆ ಇನ್ನೊಂದು 45 ಎಂಬಿ. ಇದು ಬಾಕ್ಸಿನ ತಪ್ಪಲ್ಲ, ಫೈಲ್ ಸಿಸ್ಟಮ್ ಇರೋದೇ ಹಂಗೆ. ಆದ್ರೆ ಡ್ಯಾಶ್‌ಬೋರ್ಡಲ್ಲಿ 'ಸೈಜ್' ಒಂದನ್ನೇ ತೋರ್ಸಿ 'ಡಿಸ್ಕ್ ಮೇಲೆ ಸೈಜ್' ತೋರ್ಸದೇ ಇರೋದು ಬಾಕ್ಸಿನ ತಪ್ಪೇ.

ಆಮೇಲೆ ಲ್ಯಾಪ್‌ಟಾಪಿಂದ ಎಸ್‌ಎಂಬಿ (ನೆಟ್‌ವರ್ಕಲ್ಲಿರೋ ಫೋಲ್ಡರನ್ನ ನಮ್ಮದೇ ಡಿಸ್ಕಿನ ಥರ ತೆರೆಯೋ ದಾರಿ) ಮೇಲೆ ಅದೇ ಸ್ಕ್ರಿಪ್ಟ್. ಅಯ್ಯೋ ದೇವರೇ. ಅದೇ 100 ಎಂಬಿ ಒಂದೇ ಫೈಲಾಗಿದ್ರೆ ಒಂದು ಸೆಕೆಂಡಿನ ಕೆಲಸ, ಇಲ್ಲಿ ಅರ್ಧ ಗಂಟೆ ದಾಟಿದ್ರೂ ಓಡ್ತಾನೇ ಇತ್ತು. ಇದಕ್ಕೆ ಬಾಕ್ಸಿನ ಮೇಲೆ ಸಿಟ್ಟಾಗಿ ಒಂದು ಸ್ಟಾರ್ ಕೊಟ್ಟಿರೋರು ಎಷ್ಟೋ ಜನ ಇದ್ದಾರೆ, ಆದ್ರೆ ನ್ಯಾಯವಾಗಿ ಹೇಳ್ಬೇಕಂದ್ರೆ ಇದು ಲೈನ್ ಸ್ಪೀಡಿನ ಪ್ರಶ್ನೆನೇ ಅಲ್ಲ. ಒಂದೊಂದು ಫೈಲಿಗೂ ತೆರೆಯಪ್ಪಾ ಅಂತ ಕೇಳ್ಬೇಕು, ಉತ್ತರ ಬರ್ಬೇಕು, ಬರೀಬೇಕು, ಉತ್ತರ ಬರ್ಬೇಕು, ಮುಚ್ಚಪ್ಪಾ ಅನ್ಬೇಕು, ಅದಕ್ಕೂ ಉತ್ತರ ಬರ್ಬೇಕು. ಒಂದು ಲಕ್ಷ ಸಾರಿ ಹಿಂಗೆ ಹೋಗಿ ಬಂದು ಹೋಗಿ ಬಂದು ಮಾಡಿದ್ರೆ ಟೈಮ್ ಹೋಗೋದು ಓಡಾಟಕ್ಕೇ ಹೊರತು ಸಾಮಾನು ಹೊರೋಕಲ್ಲ. ದಾರಿ ಇದೆ: ಎಲ್ಲಾನೂ ಒಂದೇ ಗಂಟು ಕಟ್ಟಿದ ಹಾಗೆ ಒಂದು ಟಾರ್ ಫೈಲ್ ಮಾಡಿ ಕಳ್ಸಿ, ಬಾಕ್ಸ್ ಒಳಗೆ ಎಸ್‌ಎಸ್‌ಎಚ್ ಮಾಡಿ ಅಲ್ಲೇ ಬಿಚ್ಚಿ. ಅರ್ಧ ಗಂಟೆ ಕೆಲಸ ಒಂದೆರಡು ನಿಮಿಷಕ್ಕೆ ಇಳೀತು. ಎಸ್‌ಎಸ್‌ಎಚ್ ಅಂದ್ರೆ ಭಯ ಬೀಳೋರು ರಾತ್ರಿ ಹಚ್ಚಿ ಮಲ್ಕೊಳ್ಳಿ, ಬೆಳಗ್ಗೆ ಮುಗಿದಿರುತ್ತೆ.

ಈಗ ಹಸಿರು ಟಿಕ್ ಕಥೆ.

ಬಾಕ್ಸ್ ಜೊತೆ ಒಂದು ವೆಬ್ ಇಂಟರ್‌ಫೇಸ್ ಬರುತ್ತೆ, ಬ್ರೌಸರಲ್ಲಿ ತೆರೆದು 'ಫೋಲ್ಡರ್ ಅಪ್ಲೋಡ್' ಬಟನ್ ಒತ್ತಿದ್ರೆ ಇಡೀ ಫೋಲ್ಡರ್ ಮರಾನೇ ಮೇಲೆ ಹೋಗುತ್ತೆ ಅಂತ ಹೇಳ್ಕೊಂಡಿದ್ದಾರೆ. ನೋಡೋಕೆ ಬಹಳ ಚೆಂದ. ಒಂದು ಲಕ್ಷ ಫೈಲ್ ಕೊಟ್ಟಿದ್ದಕ್ಕೆ ಬ್ರೌಸರ್ ಟ್ಯಾಬ್ ಸತ್ತೇ ಹೋಯ್ತು, ಅದನ್ನ ನಾನು ಲೆಕ್ಕಕ್ಕಿಡಲ್ಲ, ಅಷ್ಟು ಯಾರೂ ಕೊಡಲ್ಲ. ಹತ್ತನೇ ಒಂದು ಭಾಗ ಕೊಟ್ಟೆ, 3 ಲೆವೆಲ್, 1,110 ಫೋಲ್ಡರ್, 10,000 ಫೈಲ್, ಜೊತೆಗೆ ನನ್ನ 12 ತರಲೆ, 5 ಖಾಲಿ ಫೋಲ್ಡರ್. ಸ್ವಲ್ಪ ಹೊತ್ತು ತಗೊಂಡು ಕೊನೆಗೆ ನೂರಕ್ಕೆ ನೂರು, ಹಸಿರು ಟಿಕ್, ಅಪ್ಲೋಡ್ ಕಂಪ್ಲೀಟ್. ಖುಷಿಯಾಗಿ ಎಣಿಸಿದೆ. 10,012 ಇರ್ಬೇಕು, 10,000 ಇದೆ. ಹನ್ನೆರಡೂ ತರಲೆ ಮಾಯ. ಖಾಲಿ ಫೋಲ್ಡರ್ ಐದೂ ಮಾಯ.

ಖಾಲಿ ಫೋಲ್ಡರ್ ಮಾಯ ಆಗಿದ್ದಕ್ಕೆ ಕಾರಣ ಸುಲಭ, ಬ್ರೌಸರಲ್ಲಿ ಫೋಲ್ಡರ್ ಆರಿಸೋ ಬಟನ್ ಒತ್ತಿದಾಗ ಬ್ರೌಸರ್ ಕೊಡೋದು ಬರೀ ಫೈಲುಗಳ ಪಟ್ಟಿ, ಆ ಫೈಲಿನ ಪಾಥ್ ನೋಡ್ಕೊಂಡು ಬಾಕ್ಸು ಫೋಲ್ಡರ್ ಕಟ್ಕೊಳ್ಳುತ್ತೆ. ಫೈಲೇ ಇಲ್ಲದ ಫೋಲ್ಡರ್ ಆ ಪಟ್ಟೀಲಿ ಬರೋದೇ ಇಲ್ಲ. ಇದನ್ನ ಕ್ಷಮಿಸ್ತೀನಿ, ಹೆಲ್ಪ್ ಪೇಜಲ್ಲಿ ಒಂದು ಸಾಲು ಬರೆದಿದ್ರೆ ಇನ್ನೂ ಬೇಗ ಕ್ಷಮಿಸ್ತಿದ್ದೆ.

12 ಫೈಲ್ ಹೋಗಿದ್ದಕ್ಕೆ ಕ್ಷಮೆ ಇಲ್ಲ. ಯಾಕೆ ಹೋಯ್ತು ಅಂತ ಹುಡುಕೋಕೆ ಎರಡು ಸಂಜೆ ಬೇಕಾಯ್ತು, ಅದನ್ನ ಬಿಡಿಸಿ ಹೇಳ್ತೀನಿ, ಕನ್ನಡದಲ್ಲಿ ಫೈಲ್ ಹೆಸರಿಡೋ ಎಲ್ಲರೂ ತಿಳ್ಕೋಬೇಕಾದ್ದು.

ಲಿನಕ್ಸಿನ ಸಾಮಾನ್ಯ ಫೈಲ್ ಸಿಸ್ಟಮ್‌ಗಳಲ್ಲಿ ಒಂದು ಹೆಸರು 255 ಬೈಟ್ ತನಕ ಇರ್ಬಹುದು. ಗಮನಿಸಿ, ಬೈಟ್, ಅಕ್ಷರ ಅಲ್ಲ. ಇಂಗ್ಲಿಷ್ ಅಕ್ಷರ ಒಂದಕ್ಕೆ ಒಂದು ಬೈಟು, ಅವರಿಗೆ 255 ಅಕ್ಷರ ಸಿಕ್ತು, ಆರಾಮ. ಯುಟಿಎಫ್-8ರಲ್ಲಿ (ಅಕ್ಷರಗಳನ್ನ ಬೈಟಾಗಿ ಬರೆದಿಡೋ ಪದ್ಧತಿ) ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ನಮಗೆ ಸಿಗೋದು 85 ಚಿಹ್ನೆ. ಅದೂ ಚಿಹ್ನೆ, ನಾವು ಬಾಯಲ್ಲಿ ಹೇಳೋ ಅಕ್ಷರ ಅಲ್ಲ. 'ಕ್ಷ' ನಮಗೆ ಒಂದು ಅಕ್ಷರ, ಕಂಪ್ಯೂಟರಿಗೆ ಕ, ವಿರಾಮ, ಷ ಅಂತ ಮೂರು, 9 ಬೈಟ್. 'ಸ್ತ್ರೀ' ಅಂತ ಒಂದೇ ಅಕ್ಷರ ಬರೆದ್ರೆ ಒಳಗೆ ಆರು ಚಿಹ್ನೆ, 18 ಬೈಟ್! ವಿಂಡೋಸಿನ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್‌ನಲ್ಲಿ ಲೆಕ್ಕ ಬೈಟಲ್ಲಿ ಅಲ್ಲ, ಯುಟಿಎಫ್-16 ಯೂನಿಟ್‌ನಲ್ಲಿ, ಅಲ್ಲಿ ಕನ್ನಡ ಚಿಹ್ನೆಗೂ ಒಂದೇ ಯೂನಿಟ್, 255 ಚಿಹ್ನೆ ಸಲೀಸಾಗಿ ಕೂರುತ್ತೆ. ಅಂದ್ರೆ ಲ್ಯಾಪ್‌ಟಾಪಲ್ಲಿ ಸರಿಯಾಗಿದ್ದ ಹೆಸರು ಬಾಕ್ಸಿಗೆ ಬಂದ ತಕ್ಷಣ ಉದ್ದ ಆಗ್ಬಿಡಬಹುದು.

ಆದ್ರೆ ನನ್ನ ತರಲೆ ಹೆಸರುಗಳು 255 ಮುಟ್ಟೋ ಅಷ್ಟೂ ಇರ್ಲಿಲ್ಲ. ಒಂದನ್ನ ತೋರಿಸ್ತೀನಿ: 'ಹಳೇ ಮನೆ ರಿಪೇರಿ ಲೆಕ್ಕ ಮತ್ತು ರಶೀದಿಗಳು ಎರಡನೇ ಕಂತು ಸ್ಕ್ಯಾನ್ ಮಾಡಿದ್ದು'. ಮನುಷ್ಯರು ಇಡೋ ಹೆಸರೇ ಇದು. ಕೂತು ಎಣಿಸಿದೆ, 55 ಚಿಹ್ನೆ, 9 ಸ್ಪೇಸ್, 174 ಬೈಟ್. 255ಕ್ಕೆ ಇನ್ನೂ ಬೇಜಾನ್ ಜಾಗ ಇದೆ. ಮತ್ಯಾಕೆ ಹೋಯ್ತು? ನಾನು ಅಪ್ಲೋಡ್ ಮಾಡಿದ್ದು ಎನ್‌ಕ್ರಿಪ್ಟ್ ಮಾಡಿದ ಶೇರಿಗೆ (ಬಾಕ್ಸಲ್ಲಿ ಹಂಚ್ಕೊಳ್ಳೋಕೆ ಇಟ್ಟ ಮೇಲಿನ ಫೋಲ್ಡರಿಗೆ ಶೇರ್ ಅಂತಾರೆ). ಅದರ ಕೆಳಗೆ ಕೆಲಸ ಮಾಡೋದು ಇಕ್ರಿಪ್ಟ್‌ಎಫ್‌ಎಸ್, ಅದು ಫೈಲ್ ಒಳಗಿನ ಮಾಹಿತಿ ಅಷ್ಟೇ ಅಲ್ಲ, ಫೈಲಿನ ಹೆಸರನ್ನೂ ಗುಟ್ಟು ಮಾಡಿ ಕೆಳಗಿನ ಫೈಲ್ ಸಿಸ್ಟಮ್ ಮೇಲೆ ಇಡುತ್ತೆ. ಗುಟ್ಟು ಮಾಡಿದ ಹೆಸರು ಮೂಲಕ್ಕಿಂತ ಉದ್ದ, ಮುಂದೆ ಒಂದು ಬಾಲ ಬೇರೆ (ಮುಂದಿದ್ರೆ ಬಾಲ ಅಂತಾರಾ, ಕೊಂಬು ಅನ್ನಿ). ಈ ಖರ್ಚೆಲ್ಲ ಕಳೆದು ನಮಗೆ ಉಳಿಯೋದು 143 ಬೈಟ್. 143ನ್ನ 3ರಿಂದ ಭಾಗಿಸಿ, 47 ಕನ್ನಡ ಚಿಹ್ನೆ. ಡಾಟ್ ಪಿಡಿಎಫ್ ಅಂತ 4 ಬೈಟ್ ಎಕ್ಸ್‌ಟೆನ್ಷನ್ ಇದ್ರೆ 46. ನಂಬಿಕೆ ಬರ್ದೇ ಕೈಯಾರೆ ಮಾಡಿ ನೋಡ್ದೆ, 'ಕ' ಅಕ್ಷರಾನ 47 ಸಾರಿ ಬರೆದ ಹೆಸರಲ್ಲಿ ಫೈಲ್ ಆಯ್ತು, 48 ಸಾರಿ ಬರೆದ್ರೆ ಆಗ್ಲಿಲ್ಲ. ಗೆರೆ ಎಳೆದ ಹಾಗೆ.

ಈ ಮಿತಿ ಇರೋದಕ್ಕೆ ನನ್ನ ತಕರಾರಿಲ್ಲ. ಎಸ್‌ಎಸ್‌ಎಚ್ ಒಳಗೆ ಖಾಲಿ ಫೈಲ್ ಮಾಡೋ ಟಚ್ ಕಮಾಂಡ್ ಕೊಟ್ರೆ 'ಫೈಲ್ ನೇಮ್ ಟೂ ಲಾಂಗ್' ಅಂತ ಮುಖಕ್ಕೇ ಹೇಳ್ತು. ಎಸ್‌ಎಂಬಿ ಮೇಲೆ ಕಾಪಿ ಮಾಡಿದ್ರೆ ಎರರ್ ಬಾಕ್ಸ್ ಬಂತು, ಅದರ ಭಾಷೆ ಅರ್ಥ ಆಗದಿದ್ರೂ ಏನೋ ಎಡವಟ್ಟಾಗಿದೆ ಅಂತ ಗೊತ್ತಾಯ್ತು. ವೆಬ್ ಅಪ್ಲೋಡರ್ ಮಾತ್ರ ಕೆಳಗಿಂದ ಬಂದ ಎರರ್ ನುಂಗ್ಕೊಂಡು ಹಸಿರು ಟಿಕ್ ಹಾಕ್ತು. ಮೇಲೆಲ್ಲ ಥಳುಕು ಒಳಗೆಲ್ಲ ಹುಳುಕು ಅನ್ನೋದು ಇದಕ್ಕೇ ಇರ್ಬೇಕು. ಯಾರಾದ್ರೂ ಈ ಟಿಕ್ ನಂಬಿ ಲ್ಯಾಪ್‌ಟಾಪಲ್ಲಿರೋ ಒರಿಜಿನಲ್ ಡಿಲೀಟ್ ಮಾಡಿದ್ರೆ? ನಾನು ಟೆಸ್ಟ್ ಮಾಡ್ತಿದ್ದೆ ಅಂತ ಬಚಾವು, ಇಲ್ಲಾಂದ್ರೆ ನಾನೂ ಮಾಡ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ.

ಸಪೋರ್ಟಿಗೆ ಬರೆದೆ. ಮೊದಲ ಉತ್ತರ, 'ದಯವಿಟ್ಟು ಚಿಕ್ಕ ಹೆಸರು ಬಳಸಿ'. ಎರಡನೇ ಉತ್ತರ, 'ಇಂಗ್ಲಿಷ್ ಹೆಸರು ಬಳಸಿ'. ಮೂರನೇ ಸಾರಿ ಸ್ಕ್ರೀನ್‌ಶಾಟ್, ಲಾಗ್, ಎಣಿಕೆ ಎಲ್ಲ ಹಾಕಿ, ನಾನು ಮಿತಿ ಬಗ್ಗೆ ಕೇಳ್ತಿಲ್ಲ ಮಾರಾಯ್ರೆ, ಹೋಗದೇ ಇರೋದನ್ನ ಹೋಯ್ತು ಅಂತ ಯಾಕೆ ತೋರಿಸ್ತೀರಿ ಅಂತ ಕೇಳ್ತಿದೀನಿ ಅಂದ ಮೇಲೆ 'ಡೆವಲಪ್‌ಮೆಂಟ್ ಟೀಮಿಗೆ ಕಳ್ಸಿದೀವಿ' ಅಂದ್ರು. ಆಮೇಲೆ ಸುದ್ದಿ ಇಲ್ಲ. ಸದ್ಯಕ್ಕೆ ಎನ್‌ಕ್ರಿಪ್ಟ್ ಶೇರ್ ಬಿಟ್ಟು ಮಾಮೂಲಿ ಶೇರಲ್ಲಿ ಇಟ್ಕೊಂಡಿದೀನಿ, ಗುಟ್ಟಿನ ಫೈಲ್‌ಗಳನ್ನ ಮಾತ್ರ ಲ್ಯಾಪ್‌ಟಾಪಲ್ಲೇ ಎನ್‌ಕ್ರಿಪ್ಟ್ ಮಾಡಿ ಆಮೇಲೆ ಕಳಿಸ್ತೀನಿ.

ಇನ್ನೊಂದು ತಮಾಷೆ, ತಮಾಷೆ ಅಂತ ಈಗ ಹೇಳ್ತೀನಿ, ಅವತ್ತು ತಲೆ ಕೆಟ್ಟು ಹೋಗಿತ್ತು. ಹಳೇ ಮ್ಯಾಕ್ ಡಿಸ್ಕಿಂದ ಒಂದಷ್ಟು ತಂದು ಹಾಕಿದೆ, ನೋಡಿದ್ರೆ ಒಂದೇ ಜಾಗದಲ್ಲಿ 'ಫೋಟೋ' ಅಂತ ಎರಡು ಫೋಲ್ಡರ್. ಅಕ್ಷರಕ್ಕೆ ಅಕ್ಷರ ಒಂದೇ. ಒಂದರಲ್ಲಿ ಅರ್ಧ, ಇನ್ನೊಂದರಲ್ಲಿ ಅರ್ಧ. ಒಂದೇ ಹೆಸರಲ್ಲಿ ಎರಡು ಫೋಲ್ಡರ್ ಆಗೋಕೇ ಸಾಧ್ಯ ಇಲ್ಲ ಅಂತ ಅಲ್ವಾ ನಾವು ಕಲಿತಿರೋದು. ವಿಷ್ಯ ಏನಂದ್ರೆ ಕನ್ನಡದ 'ೋ' ಸ್ವರಚಿಹ್ನೇನ ಯೂನಿಕೋಡಲ್ಲಿ ಎರಡು ಥರ ಬರೀಬಹುದು, ಇಡಿಯಾಗಿ ಒಂದು ಚಿಹ್ನೆ, ಅಥವಾ ಬಿಡಿಸಿ ಮೂರು ತುಂಡು. ಹಳೇ ಮ್ಯಾಕಿನ ಫೈಲ್ ಸಿಸ್ಟಮ್ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನ ಬಿಡಿಸಿಯೇ ಇಡುತ್ತೆ. ಇಡಿಯಾಗಿ ಬರೆದ 'ಫೋಟೋ' 4 ಚಿಹ್ನೆ, 12 ಬೈಟ್. ಬಿಡಿಸಿದ 'ಫೋಟೋ' 8 ಚಿಹ್ನೆ, 24 ಬೈಟ್, ಡಬಲ್. ಇಎಕ್ಸ್‌ಟಿ4 ಮಾಮೂಲಿಯಾಗಿ ಅಕ್ಷರ ನೋಡಲ್ಲ, ಬೈಟ್ ನೋಡುತ್ತೆ, ಬೈಟ್ ಬೇರೆ ಅಂದ್ರೆ ಹೆಸರು ಬೇರೆ, ಹಂಗಾಗಿ ಎರಡು ಫೋಲ್ಡರ್. ಈಗಿನ ಮ್ಯಾಕಿನ ಎಪಿಎಫ್‌ಎಸ್ ಕೊಟ್ಟ ಹಾಗೇ ಇಟ್ಕೊಂಡು ಹುಡುಕುವಾಗ ಎರಡನ್ನೂ ಒಂದೇ ಅಂತ ಒಪ್ಕೊಳ್ಳುತ್ತೆ, ಅದು ಜಾಣತನ. ಬಾಕ್ಸ್ ಇಲ್ಲಿ ತಪ್ಪೇನೂ ಮಾಡಿಲ್ಲ, ಆದ್ರೆ ಫೋಲ್ಡರ್ ಒಳಗೆ ಫೋಲ್ಡರ್ ಅಂತ ಮರ ಕಟ್ಟುವಾಗ ಮೇಲಿನ ಲೆವೆಲಲ್ಲೇ ಹಿಂಗೆ ಕವಲೊಡೆದ್ರೆ ಕೆಳಗಿನ ಸಂಸಾರ ಪೂರ್ತಿ ಎರಡು ಪಾಲಾಗುತ್ತೆ. ಇದರ ತಮ್ಮ ಇನ್ನೊಬ್ಬ ಇದ್ದಾನೆ, ಝಡ್‌ಡಬ್ಲ್ಯೂಎನ್‌ಜೆ ಅನ್ನೋ ಕಾಣದ ಚಿಹ್ನೆ, 'ಸಾಫ್ಟ್‌ವೇರ್' ಥರದ ಪದದಲ್ಲಿ ಒತ್ತು ಬೀಳದ ಹಾಗೆ ನಾವೇ ಹಾಕ್ತೀವಲ್ಲ, ಅದೇ. ಹೆಸರಿನ ಕೊನೇಲಿ ಅದು ಅಂಟ್ಕೊಂಡ್ರೆ ಕಣ್ಣಿಗೆ ಕಾಣಲ್ಲ, ಫೈಲ್ ಮಾತ್ರ ಬೇರೆ. ಬಾಕ್ಸಿನ ಸರ್ಚ್‌ಗೆ ಇದ್ಯಾವ್ದೂ ಗೊತ್ತಿಲ್ಲ, ಒಂದು 'ಫೋಟೋ' ಟೈಪ್ ಮಾಡಿದ್ರೆ ಇನ್ನೊಂದು 'ಫೋಟೋ' ಸಿಗಲ್ಲ.

ಸರಿ, ಆಳ ಎಷ್ಟು ಹೋಗುತ್ತೆ? ಇದು ನನಗೆ ತುಂಬಾ ಮಜಾ ಕೊಟ್ಟ ಟೆಸ್ಟ್. ಲಿನಕ್ಸಲ್ಲಿ ಒಂದೇ ಸಾರಿಗೆ ಕೊಡೋ ಪಾಥ್ 4,096 ಬೈಟ್ ಒಳಗಿರ್ಬೇಕು, ಕೊನೆಯ ಸೊನ್ನೆ ಬೈಟೂ ಸೇರಿ. 'ಕ' 3 ಬೈಟ್, ಸ್ಲ್ಯಾಷ್ 1 ಬೈಟ್, ಒಂದು ಲೆವೆಲ್ಲಿಗೆ ಸರಿಯಾಗಿ 4. ಹಂಗಾಗಿ ಕ ಒಳಗೆ ಕ ಒಳಗೆ ಕ ಅಂತ 1,023 ಫೋಲ್ಡರ್ ಮಾಡಿ ತಳದಲ್ಲಿ 'ಕ' ಅಂತಲೇ ಒಂದು ಫೈಲ್ ಇಟ್ರೆ 4,095 ಬೈಟ್, ಸೊನ್ನೆ ಸೇರಿ 4,096. ಇಷ್ಟು ಕರಾರುವಾಕ್ಕಾಗಿ ಕೂರುತ್ತೆ ಅಂತ ಲೆಕ್ಕ ಹಾಕುವಾಗಲೇ ನಗು ಬಂತು. ಮಾಡಿದೆ, ಆಯ್ತು. ಇನ್ನೊಂದು ಲೆವೆಲ್ ಸೇರಿಸಿದೆ, 'ಫೈಲ್ ನೇಮ್ ಟೂ ಲಾಂಗ್'. ಹೆಸರು ಒಂದೇ ಅಕ್ಷರ ಇಟ್ಕೊಂಡು ಹೆಸರು ಉದ್ದ ಆಯ್ತು ಅಂತ ಬೈಸ್ಕೊಂಡೆ! ಹೆಸರು ಉದ್ದ ಆದ್ರೂ ಪಾಥ್ ಉದ್ದ ಆದ್ರೂ ಲಿನಕ್ಸ್ ಕೊಡೋದು ಅದೇ ಎರರ್, ಇದ್ರಿಂದ ಎಷ್ಟು ಜನರ ಟೈಮ್ ಹಾಳಾಗಿದೆಯೋ. ಆದ್ರೆ ಇದು ಮರಕ್ಕಿರೋ ಮಿತಿ ಅಲ್ಲ, ಒಂದೇ ಉಸಿರಲ್ಲಿ ಹೇಳೋ ವಿಳಾಸಕ್ಕಿರೋ ಮಿತಿ. ಸಿಡಿ ಕಮಾಂಡ್ ಕೊಟ್ಟು ಫೋಲ್ಡರ್ ಒಳಗೆ ಇಳಿದು ಅಲ್ಲಿಂದ ಮತ್ತೆ ಫೋಲ್ಡರ್ ಮಾಡಿದ್ರೆ ಇನ್ನೂ ಕೆಳಗೆ ಹೋಗಬಹುದು, ಹೋದೆ ಕೂಡ.

ಬಾಕ್ಸಿನ ಸ್ವಂತ ಬ್ಯಾಕಪ್ ಟೂಲ್ ಇಲ್ಲಿ ಮುಗ್ಗರಿಸಿತು. ಅದು ಪ್ರತಿ ಫೈಲಿಗೂ ಬುಡದಿಂದ ಪೂರ್ತಿ ಪಾಥ್ ಹಿಡ್ಕೊಂಡು ಹೋಗುತ್ತೆ, ಶೇರಿನ ಹೆಸರೂ ಸೇರಿ 4,096 ದಾಟ್ತು, ಆ ಕೊಂಬೇನ ಬಿಟ್ಟು ಮುಂದೆ ಹೋಯ್ತು. ಆದ್ರೆ ಲಾಗಲ್ಲಿ 'ಬಿಟ್ಟಿದೀನಿ' ಅಂತ ಬರೆದಿತ್ತು, ಕೆಂಪಲ್ಲಿ, ಪಾಥ್ ಸಮೇತ. ಅಷ್ಟು ಸಾಕು ನನಗೆ. ಒಂದೇ ಕಂಪನಿ, ಒಂದೇ ಬಾಕ್ಸು, ಬ್ಯಾಕಪ್ ಬರೆದೋರು ನಿಜ ಹೇಳ್ತಾರೆ, ಅಪ್ಲೋಡರ್ ಬರೆದೋರು ಹೇಳಲ್ಲ, ಇಬ್ಬರೂ ಒಂದೇ ಆಫೀಸಲ್ಲಿ ಕೂರ್ತಾರೋ ಇಲ್ವೋ.

ವಿಂಡೋಸ್ ಕಡೆಯಿಂದ ಬರೋರಿಗೆ ಬೇರೆ ಗೋಡೆ, ಹಳೇ ಲೆಕ್ಕದ 260 ಅಕ್ಷರ. ವಿಂಡೋಸ್ 10ರ 1607 ವರ್ಷನ್ನಿಂದ ರಿಜಿಸ್ಟ್ರಿಯಲ್ಲಿ ಲಾಂಗ್ ಪಾಥ್ ಆನ್ ಮಾಡ್ಕೋಬಹುದು, ಆದ್ರೆ ಪ್ರೋಗ್ರಾಂ ಕೂಡ ಒಪ್ಕೋಬೇಕು, ಎಲ್ಲವೂ ಒಪ್ಪಲ್ಲ. ಇಲ್ಲಿ ಒಂದು ಬಲೆ ಇದೆ ನೋಡಿ, ಮರದ ನಡುವಿನ ಒಂದು ಫೋಲ್ಡರನ್ನ ಡ್ರೈವ್ ಲೆಟರಿಗೆ ಮ್ಯಾಪ್ ಮಾಡ್ಕೊಂಡ್ರೆ 260 ಅಲ್ಲಿಂದ ಹೊಸದಾಗಿ ಶುರು ಆಗುತ್ತೆ, ನೀವು ಆರಾಮಾಗಿ ಒಳಗೊಳಗೆ ಮಾಡ್ತಾ ಹೋಗ್ತೀರಿ, ಆಮೇಲೆ ಮನೇಲಿ ಇನ್ನೊಬ್ಬರು ಮೇಲಿನ ಶೇರಿಂದ ಅದೇ ಜಾಗಕ್ಕೆ ಬಂದ್ರೆ ಅವರ ಕೈಲಿ ತೆರೆಯೋಕೂ ಆಗಲ್ಲ ಅಳಿಸೋಕೂ ಆಗಲ್ಲ. ನನ್ನ ಮೇಲೆ ಈ ವಿಚಾರಕ್ಕೆ ಜಗಳ ಆಗಿದೆ.

ಪರ್ಮಿಷನ್ ವಿಚಾರ ಬೇಗ ಹೇಳ್ತೀನಿ. ಫೋಲ್ಡರ್ ಮಾಡೋ ಎಂಕೆಡಿರ್ ಕಮಾಂಡಿಗೆ ಮೈನಸ್ ಪಿ ಹಾಕಿ ಮೂರು ಲೆವೆಲ್ ಒಟ್ಟಿಗೆ ಮಾಡಿ, ಜೊತೆಗೆ ಮೋಡ್ 700 (ಮಾಲೀಕರಿಗೆ ಮಾತ್ರ ಪ್ರವೇಶ) ಅಂತ ಕೊಟ್ರೆ ಆ 700 ಕೊನೆಯ ಫೋಲ್ಡರಿಗೆ ಮಾತ್ರ, ನಡುವಿನವು ಉಮಾಸ್ಕ್ (ಹೊಸದಕ್ಕೆ ತಾನಾಗೇ ಬೀಳೋ ಪರ್ಮಿಷನ್ ಸೆಟ್ಟಿಂಗ್) ಹೇಳಿದ ಹಾಗೆ ಆಗ್ತವೆ. ತುಂಬಾ ಜನಕ್ಕೆ ಇದು ಗೊತ್ತಿಲ್ಲ, ಎಲ್ಲ ಲೆವೆಲ್ಲೂ ಬೀಗ ಬಿದ್ದಿದೆ ಅನ್ಕೊಂಡಿರ್ತಾರೆ. ಬಾಕ್ಸಲ್ಲಿ ವೆಬ್ಬಿಂದ ಮಾಡಿದ ನಡುವಿನ ಫೋಲ್ಡರ್ ಒಂದು ಗ್ರೂಪಿನ ಹೆಸರಲ್ಲಿ, ಎಸ್‌ಎಂಬಿಯಿಂದ ಮಾಡಿದ್ದು ಇನ್ನೊಂದರಲ್ಲಿ ಕೂತಿತ್ತು, ಹಂಗಾಗಿ ಒಬ್ಬರು ಮಾಡಿದ ಫೋಲ್ಡರ್ ಒಳಗೆ ಇನ್ನೊಬ್ಬರು ಫೈಲ್ ಮಾಡೋಕೆ ಆಗ್ತಿರ್ಲಿಲ್ಲ. ಮೇಲಿನ ಫೋಲ್ಡರಿಗೆ 2775 ಕೊಟ್ಟೆ, ಮುಂದಿನ 2 ಅಂದ್ರೆ ಸೆಟ್‌ಜಿಐಡಿ, ಅದರ ಕೆಳಗೆ ಹುಟ್ಟೋ ಹೊಸ ಫೋಲ್ಡರ್ ಎಲ್ಲ ಗ್ರೂಪನ್ನ ಅಪ್ಪನಿಂದಲೇ ಪಡ್ಕೋತವೆ. ಮೊದಲೇ ಇದ್ದ ಮಕ್ಕಳಿಗೆ ಮಾತ್ರ ನಾವೇ ಕೈಯಾರೆ ಹಾಕ್ಬೇಕು.

ಕರೆಂಟ್ ಕಿತ್ತು ನೋಡೋ ಟೆಸ್ಟ್ ಮಾಡ್ದೆ, ಖಾಲಿ ಡಿಸ್ಕ್ ಇದ್ದಾಗ ಮಾತ್ರ ಮಾಡಿ, ನನ್ನ ಮಾತು ಕೇಳಿ ನಿಮ್ಮ ಸಾಮಾನು ಕಳ್ಕೊಬೇಡಿ. ಸ್ಕ್ರಿಪ್ಟ್ ಓಡ್ತಿರುವಾಗಲೇ ಪ್ಲಗ್ ಎಳೆದೆ. ಮತ್ತೆ ಆನ್ ಮಾಡಿದಾಗ ಮರ ಸರಿಯಾಗಿತ್ತು, ಜರ್ನಲ್ (ಬದಲಾವಣೇನ ಮೊದಲೇ ಬರೆದಿಡೋ ದಿನಚರಿ) ತನ್ನ ಕೆಲಸ ಮಾಡಿತ್ತು, ಆದ್ರೆ ಕೊನೆಯ ಕೆಲವು ಸೆಕೆಂಡಲ್ಲಿ ಹುಟ್ಟಿದ ಫೈಲ್‌ಗಳಲ್ಲಿ ಎಷ್ಟೋ ಹೆಸರಿದೆ, ಒಳಗೆ ಸೊನ್ನೆ ಬೈಟ್. ಇಎಕ್ಸ್‌ಟಿ4 ಹೆಸರನ್ನ ಬೇಗ ಬರೆದು ಮಾಹಿತಿಗೆ ಜಾಗ ಕೊಡೋದನ್ನ ಮುಂದಕ್ಕೆ ಹಾಕೋದ್ರಿಂದ ಹಿಂಗಾಗುತ್ತೆ. ಎರಡನೇ ಸಾರಿ ಸ್ಕ್ರಿಪ್ಟಲ್ಲಿ ಪ್ರತಿ ಫೈಲಿಗೂ ಎಫ್‌ಸಿಂಕ್ (ಈಗ್ಲೇ ಡಿಸ್ಕಿಗೆ ಬರೆದು ಮುಗಿಸು ಅನ್ನೋ ಆಜ್ಞೆ), ಆಮೇಲೆ ಅದು ಕೂತಿರೋ ಫೋಲ್ಡರಿಗೂ ಎಫ್‌ಸಿಂಕ್ ಹಾಕಿದೆ (ಫೈಲಿಗೆ ಮಾತ್ರ ಹಾಕಿದ್ರೆ ಫೋಲ್ಡರಲ್ಲಿ ಅದರ ಹೆಸರು ಉಳಿಯುತ್ತೆ ಅನ್ನೋ ಗ್ಯಾರಂಟಿ ಇಲ್ಲ ಅಂತ ಲಿನಕ್ಸ್ ಕೈಪಿಡಿಯ ಮ್ಯಾನ್ ಪೇಜಲ್ಲೇ ಇದೆ). ಆಮೆ ಥರ ಓಡ್ತು, ಆದ್ರೆ ಮುಗೀತು ಅಂತ ಹೇಳಿದ ಒಂದು ಫೈಲೂ ಕಳೀಲಿಲ್ಲ. ಇದಕ್ಕೆ ಬಾಕ್ಸಿಗೆ ಪೂರ್ತಿ ಮಾರ್ಕ್ಸ್, ಕೆಲವು ಅಗ್ಗದ ಡಿಸ್ಕ್‌ಗಳು ಎಫ್‌ಸಿಂಕಿಗೂ ಸುಮ್ನೆ ತಲೆ ಅಲ್ಲಾಡಿಸ್ತವೆ.

ಯುಎಸ್‌ಬಿ ಪೋರ್ಟ್ ಇದೆ, ಅದಕ್ಕೆ ಎಫ್‌ಎಟಿ32 ಪೆನ್‌ಡ್ರೈವ್ ಚುಚ್ಚಿ ಒಂದೇ ಫೋಲ್ಡರಿಗೆ ಎಲ್ಲ ಸುರಿಯೋ ಯೋಚನೆ ಇದ್ರೆ ಬಿಡಿ. ಅಲ್ಲಿ ಒಂದು ಫೋಲ್ಡರಿಗೆ 65,536 ಎಂಟ್ರಿ ಅಷ್ಟೇ, ಉದ್ದ ಹೆಸರಿಗೆ ಪ್ರತಿ 13 ಯೂನಿಟ್ಟಿಗೂ ಒಂದು ಎಂಟ್ರಿ ಹೆಚ್ಚಿಗೆ ಹೋಗುತ್ತೆ. 40 ಚಿಹ್ನೆಯ ಹೆಸರು ಅಂದ್ರೆ ಫೈಲಿಗೆ 5 ಎಂಟ್ರಿ, 13 ಸಾವಿರ ಚಿಲ್ಲರೆ ಫೈಲಿಗೆ ಫೋಲ್ಡರ್ ಫುಲ್, ಡ್ರೈವ್ ಖಾಲಿ ಇದ್ರೂ. ಫೋಲ್ಡರ್ ಒಳಗೆ ಫೋಲ್ಡರ್ ಮಾಡಿ ಹಂಚಿದ್ರೆ ತೊಂದ್ರೆ ಇಲ್ಲ. ಹಂಗೇ ಇನೋಡ್ (ಒಂದೊಂದು ಫೈಲಿನ ವಿವರ ಬರೆದಿಡೋ ಚೀಟಿ) ಕೂಡ, ಇಎಕ್ಸ್‌ಟಿ4 ಮಾಮೂಲಿಯಾಗಿ 16 ಕೆಬಿಗೆ ಒಂದು ಇನೋಡ್ ಅಂತ ಫಾರ್ಮ್ಯಾಟ್ ಮಾಡುವಾಗಲೇ ಎಣಿಸಿಟ್ಟುಬಿಡುತ್ತೆ, 1 ಟಿಬಿಗೆ ಸುಮಾರು 6.1 ಕೋಟಿ. ಫೈಲೂ ಒಂದು ತಿನ್ನುತ್ತೆ, ಫೋಲ್ಡರೂ ಒಂದು ತಿನ್ನುತ್ತೆ. ಮನೆ ಬಳಕೆಗೆ ಮುಗಿಯಲ್ಲ, ಆದ್ರೆ ಮುಗಿದ್ರೆ ಜಾಗ ಇದ್ರೂ 'ನೋ ಸ್ಪೇಸ್ ಲೆಫ್ಟ್' ಅನ್ನುತ್ತೆ, ಡ್ಯಾಶ್‌ಬೋರ್ಡಲ್ಲಿ ಅದನ್ನ ತೋರಿಸೋ ಜಾಗಾನೇ ಇಲ್ಲ, ಡಿಎಫ್ ಮೈನಸ್ ಐ ಕೊಟ್ಟು ನೀವೇ ನೋಡ್ಕೋಬೇಕು.

ಯಾರು ತಗೋಬಹುದು? ಎಸ್‌ಎಸ್‌ಎಚ್ ಗೊತ್ತಿರೋರು, ಹಾಕಿದ್ದನ್ನ ಎಣಿಸಿ ನೋಡೋ ತಾಳ್ಮೆ ಇರೋರು ತಗೊಳ್ಳಿ, ಒಳಗಿನ ಯಂತ್ರ ಗಟ್ಟಿಯಾಗಿದೆ, ಸದ್ದೂ ಕಮ್ಮಿ. ಬ್ರೌಸರಲ್ಲಿ ಎಳೆದು ಹಾಕಿ ಮರೆತುಬಿಡೋರು, ಅದರಲ್ಲೂ ಕನ್ನಡದಲ್ಲಿ ಉದ್ದ ಹೆಸರಿಡೋರು, ಸದ್ಯಕ್ಕೆ ಬೇಡ.

ಕಳೆದ ವಾರ ಫರ್ಮ್‌ವೇರ್ ಅಪ್‌ಡೇಟ್ ಬಂತು. ಅದೇ 12 ಫೈಲ್ ಮತ್ತೆ ಹಾಕಿದೆ. ಈಗ ಹಸಿರು ಟಿಕ್ ಬದಲು ಹಳದಿ ತ್ರಿಕೋನ ಬರುತ್ತೆ, 'ಕೆಲವು ಫೈಲ್ ಅಪ್ಲೋಡ್ ಆಗಿಲ್ಲ' ಅಂತ. ಯಾವ ಫೈಲು ಅಂತ ಹೇಳಲ್ಲ. ಅರ್ಧ ಸ್ಟಾರ್ ವಾಪಸ್ ಕೊಡೋಣ ಅನ್ಕೊಂಡೆ, ಅರ್ಧ ಕೊಡೋಕೆ ಬರಲ್ವಂತೆ ಇಲ್ಲಿ. ಆ ಕ ಒಳಗೆ ಕ ಒಳಗೆ ಕ ಮರಾನ ವೆಬ್ಬಿಂದ ಡಿಲೀಟ್ ಮಾಡಿದ್ರೆ ರಿಸೈಕಲ್ ಬಿನ್ನಿಗೆ ಹೋಯ್ತು, ಬಿನ್ ಖಾಲಿ ಮಾಡು ಅಂದ್ರೆ ಚಕ್ರ ತಿರುಗ್ತಾನೇ ಇತ್ತು. ಕೊನೆಗೆ ಎಸ್‌ಎಸ್‌ಎಚ್ ಮಾಡಿ ಒಳಗಿಳಿದು, 500ನೇ ಕ ಹತ್ರ ನಿಂತು, ಅದರ ಕೆಳಗಿನ ಅರ್ಧ ಮರಾನ ಕಿತ್ತು ಮೇಲಕ್ಕೆ ಮೂವ್ ಮಾಡಿ, ಎರಡು ತುಂಡನ್ನೂ ಬೇರೆ ಬೇರೆಯಾಗಿ ಅಳಿಸಿದೆ.